ಬ್ಯಾರನ್ನಿನಲ್ಲಿ ಒಣಗಿದ ಕಥೆ ಪುಸ್ತಕ

ಪುಸ್ತಕದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. ನಿಮ್ಮ ಕಾಲದಲ್ಲಿ ಬೈಂಡಿಂಗಿಗೆ ಯಾವ ಮೆಷಿನ್ ಇತ್ತು ಅಜ್ಜಿ ಎಂದು ಕೇಳುತ್ತಾರೆ. ನಾನು ಸೂಜಿ ಡಬ್ಬಿ ತೆಗೆದು ಮುಂದಿಡುತ್ತೇನೆ. ಅವರು ನಗುತ್ತಾರೆ. ನಗಲಿ ಬಿಡಿ, ನಾನೂ ಅವರ ಗೋಂದಿನ ಮೆಷಿನ್ ನೋಡಿ ಒಳಗೊಳಗೇ ನಕ್ಕಿದ್ದೇನೆ. ಆದರೆ ಈ ಕೆಲಸ ಹೇಗಿತ್ತು, ನಮ್ಮಿಂದ ಇದನ್ನು ಮಾಡಿಸುತ್ತಿದ್ದವರು ಎಂಥವರು ಎಂದು ಯಾರಾದರೂ ಬರೆದಿಡಬೇಕಲ್ಲ. ಹೊಲಿದವಳೇ ಬರೆದರೆ ತಪ್ಪೇನು ಎಂದುಕೊಂಡು ಕೂತಿದ್ದೇನೆ.

ಐವತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಹುಣಸೂರಿಗೆ ಬಂದೆ. ನಮ್ಮನೆಯವರು ಮಲ್ಲಪ್ಪ, ಪೇಟೆ ಬೀದಿಯ ನಂಜಪ್ಪನವರ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಮುಂದುಗಡೆ ಪುಸ್ತಕದ ಅಂಗಡಿ, ಹಿಂದುಗಡೆ ಪ್ರೆಸ್ಸು. ಪ್ರೆಸ್ಸೆಂದರೆ ಕಾಲಲ್ಲಿ ತುಳಿಯುವ ಒಂದು ಟ್ರೆಡಲ್, ಸೀಸದ ಅಚ್ಚುಮೊಳೆ ತುಂಬಿದ ಮರದ ಕೇಸುಗಳು, ಕಾಗದ ಕತ್ತರಿಸುವ ಒಂದು ಕತ್ತಿ. ಹೊಲಿಯಲು ಆಳಿಲ್ಲದೆ ಮದುವೆ ಸೀಸನ್ನಿನಲ್ಲಿ ಪರದಾಡುತ್ತಿದ್ದಾಗ ನಂಜಪ್ಪನವರು ಮಲ್ಲಪ್ಪನವರನ್ನು ಕೇಳಿದರಂತೆ, ನಿನ್ನ ಹೆಂಡತಿಗೆ ರವಿಕೆ ಹೊಲಿಯಲು ಬರುತ್ತದೆಯೇ ಎಂದು. ನಮ್ಮತ್ತೆ, ಗಂಡಸರ ನಡುವೆ ಪೇಟೆ ಬೀದಿಯಲ್ಲಿ ಕೂರುವುದೇ ಎಂದು ಮುಖ ಊದಿಸಿಕೊಂಡರು. ಸಾವ್ಕಾರ್ರ, ಅಂದರೆ ನಂಜಪ್ಪನವರ, ಹೆಂಡತಿಯೇ ಮನೆಗೆ ಬಂದು ಕರೆದ ಮೇಲೆ ಸುಮ್ಮನಾದರು. ಹಾಗೆ ಸೇರಿದವಳು ಕಣ್ಣು ಮಂಜಾಗುವವರೆಗೂ ಬಿಡಲಿಲ್ಲ.

ಅಚ್ಚಾದ ಹಾಳೆಯನ್ನು ಪುಟದ ಸಂಖ್ಯೆ ನೋಡಿ ಮಡಿಚಬೇಕು. ಮಡಿಕೆಗಳನ್ನು ಒಂದರ ಮೇಲೊಂದು ಸಾಲಾಗಿ ಜೋಡಿಸಬೇಕು. ಬೆನ್ನಿಗೆ ದಬ್ಬಳದಲ್ಲಿ ತೂತು ಹಾಕಿ ನೂಲು ಓಡಿಸಬೇಕು. ಮೈದಾಹಿಟ್ಟಿನ ಗಂಜಿ ಕಾಯಿಸಿ, ಹುಳು ಬೀಳದಂತೆ ಒಂದು ಚೂರು ಮೈಲುತುತ್ತ ಹಾಕಿ, ರಕ್ಷಾಪುಟ ಅಂಟಿಸಬೇಕು. ಇಷ್ಟೇ ಕೆಲಸ. ಇಷ್ಟೇ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ದಿನ ನಾನು ಹೊಲಿದ ರಸೀತಿ ಪುಸ್ತಕವನ್ನು ನಂಜಪ್ಪನವರು ಮೇಜಿನ ಮೇಲೆ ಬಿಚ್ಚಿಟ್ಟು ಕೈ ತೆಗೆದರು. ಅದು ಪಟ್ಟನೆ ಮುಚ್ಚಿಕೊಂಡಿತು. ನೂಲು ಬಿಚ್ಚಿ ಮತ್ತೆ ಹೊಲಿ ಎಂದರು. ಅಂದು ಸಂಜೆಯವರೆಗೂ ಅದೇ ಆಯಿತು. ಕೊನೆಗೆ ಪುಸ್ತಕ ಅಂಗಾತ ಮಲಗಿದಾಗ, "ನೋಡು ಸಿದ್ದಮ್ಮ, ಓದೋನು ಎರಡು ಕೈಯಾಗೂ ಪುಸ್ತಕ ಅದುಮ್ಕೊಂಡು ಕೂರಬಾರದು. ಒಂದು ಕೈ ಮಗೀನ ತೊಟ್ಲು ತೂಗೋಕೆ ಬೇಕಾಯ್ತದೆ" ಎಂದರು. ಮನೆಯಲ್ಲಿ ತೊಟ್ಟಿಲು ತೂಗುತ್ತಾ ಪುಸ್ತಕ ಓದುವ ಹೆಂಗಸರೂ ಇದ್ದಾರೆ ಎಂದು ಲೆಕ್ಕಕ್ಕೆ ಹಿಡಿದ ಮೊದಲ ಗಂಡಸು ನಾನು ಕಂಡಂತೆ ಅವರೇ.

ನಂಜಪ್ಪನವರೆಂದರೆ ಹಣೆಗೆ ವಿಭೂತಿ, ಹೆಗಲಿಗೆ ಟವಲು, ತೋಳಿನ ಮೇಲೆ ಯಾವಾಗಲೂ ಒಂದು ಮಸಿ ಗುರುತು. ಅಂಗಡಿ ಹಾಕುವ ಮುಂಚೆ ಸಂತೆ ಸಂತೆಗೆ ತಲೆಹೊರೆಯಲ್ಲಿ ಪುಸ್ತಕ ಮಾರಿದವರು. ಸ್ಲೇಟು, ಬಳಪ, ಮಗ್ಗಿ ಪುಸ್ತಕ, ಪಂಚಾಂಗ, ನಾಟಕದ ಹಾಡಿನ ಪುಸ್ತಕ. ಅಂಗಡಿಯಾದ ಮೇಲೂ ಕೊಡಗಿನ ಗಡಿಯ ಕೊಪ್ಪದ ಸಂತೆ ಬಿಟ್ಟಿರಲಿಲ್ಲ. ಅಲ್ಲಿ ಗೋಣಿ ಹಾಸಿ ಕೂತು, ಕೂಗಿ ಕರೆಯುತ್ತಿರಲಿಲ್ಲ. ಒಂದು ಪುಸ್ತಕ ತೆಗೆದು ತಮಗೆ ತಾವೇ ಗಟ್ಟಿಯಾಗಿ ಓದಲು ಶುರು ಮಾಡುತ್ತಿದ್ದರು. ಕೊಡಗಿನ ಕಡೆಯಿಂದ ಮೆಣಸು ಮಾರಲು ಬಂದವರು, ಕಾಫಿ ತೋಟದ ಆಳುಗಳು, ಎಮ್ಮೆ ಕೊಳ್ಳಲು ಬಂದವರು ಸುತ್ತ ನಿಲ್ಲುತ್ತಿದ್ದರು. ಕಥೆ ಬಿಗಿಯಾದ ಹೊತ್ತಿಗೆ ಇವರು ಗಂಟಲು ಒಣಗಿತೆಂದು ನೀರಿಗೆ ಎದ್ದು ಹೋಗುತ್ತಿದ್ದರು. ಜನ ಕಾಯಲಾರದೆ ಪುಸ್ತಕ ಕೊಂಡು, ಓದು ಬಲ್ಲವರನ್ನು ಹಿಡಿದು ಕೂರಿಸುತ್ತಿದ್ದರು. ಇದು ವ್ಯಾಪಾರದ ಉಪಾಯವೇ ಎಂದು ನಾನೊಮ್ಮೆ ಕೇಳಿದೆ. ಇಲ್ಲಮ್ಮ, ನಿಜಕ್ಕೂ ಗಂಟಲು ಒಣಗುತ್ತದೆ ಎಂದರು. ಮುಖ ನೋಡಿದರೆ ಯಾವುದು ನಿಜವೆಂದು ತಿಳಿಯುತ್ತಿರಲಿಲ್ಲ.

ಪ್ರೆಸ್ಸಿಗೆ ಬರುತ್ತಿದ್ದುದು ಲಗ್ನಪತ್ರಿಕೆ, ನಾಟಕದ ಕರಪತ್ರ, ರಸೀತಿ ಪುಸ್ತಕ. ಅವರಿಗಿದ್ದ ಆಸೆ ಬೇರೆ. ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳಿಗೆ ಪಾಠದ ಪುಸ್ತಕ ಮುಗಿದರೆ ಓದಲು ಮತ್ತೇನೂ ಸಿಗುವುದಿಲ್ಲ, ಕಲಿತದ್ದು ಒಂದು ವರ್ಷಕ್ಕೆ ಮರೆತುಹೋಗುತ್ತದೆ ಎಂದು ಸದಾ ಹೇಳುತ್ತಿದ್ದರು. ಸಂತೆಗಳಲ್ಲಿ, ಬಸ್ಸಿನಲ್ಲಿ, ಕಾಕನಕೋಟೆಯ ಮಾವುತರ ಹತ್ತಿರ ಕೇಳಿದ ಕಥೆಗಳನ್ನು ತಾವೇ ಬರೆದು ಇಟ್ಟುಕೊಂಡಿದ್ದರು. ಅದನ್ನು ಪುಸ್ತಕ ಮಾಡಬೇಕೆಂದು ಹೊರಟರು. ಪುಸ್ತಕಕ್ಕೆ ಅವರಿಟ್ಟ ಹೆಸರು ಉದ್ದವಾಗಿತ್ತು, ನಾವು ಮಕ್ಕಳ ಕಥೆ ಎಂದೇ ಕರೆಯುತ್ತಿದ್ದೆವು.

ಈಗಿನವರಿಗೆ ಇದೊಂದು ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಪೂರ್ತಿ ಪುಸ್ತಕ ಜೋಡಿಸುವಷ್ಟು ಮೊಳೆ ಇರಲಿಲ್ಲ. ಎಂಟು ಪುಟ ಜೋಡಿಸಬೇಕು, ಸಾವಿರ ಪ್ರತಿ ಒತ್ತಬೇಕು, ಆಮೇಲೆ ಆ ಪುಟಗಳನ್ನು ಕಳಚಿ ಒಂದೊಂದೇ ಮೊಳೆಯನ್ನು ಕೇಸಿಗೆ ಹಾಕಿದರೆ ಮುಂದಿನ ಎಂಟು ಪುಟ. ಲಗ್ನಪತ್ರಿಕೆಗಳ ಸಂದಿನಲ್ಲಿ ಇದು ಸುಮಾರು ಒಂದು ವರ್ಷ ನಡೆಯಿತು. ಕೊನೆಯ ಪುಟ ಒತ್ತಿದ ದಿನ ಮೊದಲ ಪುಟ ಎಂಬುದು ಪ್ರೆಸ್ಸಿನಲ್ಲಿ ಎಲ್ಲಿಯೂ ಇರಲಿಲ್ಲ. ಕಾಗದದ ಮೇಲೆ ಇದ್ದದ್ದೇ ಪುಸ್ತಕ. ಅದು ಹಾಳಾದರೆ ಮತ್ತೆ ಮೊದಲಿಂದ ಜೋಡಿಸಬೇಕು, ಮತ್ತೆ ಒಂದು ವರ್ಷ.

ಪಿರಿಯಾಪಟ್ಟಣದ ಒಬ್ಬ ಹೆಡ್‌ಮಾಸ್ಟರು, ಶಾಲೆ ತೆರೆಯುವ ಮುಂಚೆ ತಂದುಕೊಡಿ, ನಾನು ತೆಗೆದುಕೊಂಡರೆ ಸುತ್ತಿನ ಶಾಲೆಗಳೂ ತೆಗೆದುಕೊಳ್ಳುತ್ತವೆ, ತಡವಾದರೆ ಬೇರೆ ಕಡೆಯಿಂದ ತರಿಸಿಬಿಡುತ್ತೇವೆ ಎಂದು ಹೇಳಿ ಕಳಿಸಿದ್ದರು. ನಂಜಪ್ಪನವರು ನಮ್ಮೆದುರಿಗೇ ಹೇಳಿಬಿಟ್ಟಿದ್ದರು, ಇದು ಮಕ್ಕಳ ಕೈ ಸೇರಿದರೆ ಇನ್ನೂ ಪುಸ್ತಕ ಮಾಡುತ್ತೇನೆ, ಇಲ್ಲದಿದ್ದರೆ ಈ ಆಸೆ ಇಲ್ಲಿಗೆ ಮುಗಿಯಿತು, ಸಾಯುವವರೆಗೆ ಲಗ್ನಪತ್ರಿಕೆ ಒತ್ತಿಕೊಂಡಿರುತ್ತೇನೆ ಎಂದು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಅದಕ್ಕೇ ನಮಗೆ ಹೆದರಿಕೆಯಾಗಿದ್ದು.

ಮೇ ತಿಂಗಳ ನಡುವೆ, ಶಾಲೆ ತೆರೆಯಲು ಇನ್ನೂ ಎರಡು ವಾರವಿತ್ತು. ಮೊದಲ ಮಳೆ ಬಿದ್ದು ಎಲ್ಲರ ಎತ್ತುಗಳೂ ನೇಗಿಲಿಗೆ ಹೋಗಿದ್ದವು. ಬಸ್ಸಿನವನು ಅಷ್ಟು ಗಂಟು ಮೇಲೆ ಹಾಕಿಕೊಳ್ಳುವುದಿಲ್ಲ ಎಂದ. ಮೊದಲು ಬೆಟ್ಟದಪುರದ ಸುತ್ತಿನ ಶಾಲೆಗಳಿಗೆ ಕೊಟ್ಟು ಅಲ್ಲಿಂದ ಪಿರಿಯಾಪಟ್ಟಣಕ್ಕೆ ಹೋಗುವುದೆಂದು ನಂಜಪ್ಪನವರು ಸಣ್ಣಯ್ಯನ ಗಾಡಿ ಗೊತ್ತು ಮಾಡಿ ತಾವೂ ಜೊತೆಗೆ ಹೊರಟರು. ಸಣ್ಣಯ್ಯನದು ಕೋಣದ ಗಾಡಿ. ಕೋಣ ಕಟ್ಟುವವರಿಗೆಲ್ಲ ಗೊತ್ತು, ಬಿಸಿಲಿಗೆ ಅದರ ನೆತ್ತಿ ಕಾಯಬಾರದು. ಆಗಾಗ ಇಳಿದು ತಲೆ ಬೆನ್ನಿಗೆ ನೀರು ಹುಯ್ಯಬೇಕು. ಹುಯ್ಯದಿದ್ದರೆ ಕೆರೆ ಕಂಡ ಕಡೆ ಅದು ತಾನೇ ನುಗ್ಗಿ ಮಲಗುತ್ತದೆ. ಸಣ್ಣಯ್ಯ ಅದರಲ್ಲಿ ಬಹಳ ಹುಷಾರು, ಗಾಡಿಯ ಕೆಳಗೆ ನೀರಿನ ಡಬ್ಬ ತೂಗುಹಾಕಿಕೊಂಡೇ ಹೊರಟಿದ್ದ.

ಮಾರನೆಯ ದಿನ ಸಂಜೆ ಸಣ್ಣಯ್ಯ ಒಬ್ಬನೇ ಬಸ್ಸಿಳಿದು ಪ್ರೆಸ್ಸಿಗೆ ಬಂದ. ಮೊಣಕಾಲವರೆಗೆ ಕೆಸರು. ಮಲ್ಲಪ್ಪನವರು ಏನಾಯಿತೋ ಎಂದು ಕೇಳಿದರು. ನಾನು ನೀರು ಕೊಟ್ಟು ಕೂರಿಸಿದ ಮೇಲೆ ಹೇಳಿದ. ದಾರಿ ಬೇಸರ ಕಳೆಯಲಿ ಎಂದು ಸಾವ್ಕಾರ್ರು ಒಂದು ಪುಸ್ತಕ ಬಿಚ್ಚಿ ಆನೆಮರಿಯ ಕಥೆ ಓದುತ್ತಿದ್ದರಂತೆ. "ಆ ಮರಿ ಅವ್ವನ್ನ ಉಡುಕ್ಕೊಂಡು ಓಯ್ತಾ ಇತ್ತು ಕಣಕ್ಕ. ಸಿಕ್ತದೋ ಇಲ್ವೋ ಅಂತ ಬಾಯ್ಬುಟ್ಕೊಂಡು ಕೇಳ್ತಾ ಕೂತ್ಬುಟ್ಟೆ. ನೀರು ಉಯ್ಯೋದು ಮರ್ತೇ ಓಯ್ತು" ಎಂದು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಬೆಟ್ಟದಪುರಕ್ಕೆ ಇನ್ನೇನು ಹತ್ತಿರ ಎನ್ನುವಾಗ ರಸ್ತೆ ಪಕ್ಕದ ಕೆರೆಗೆ ಕೋಣಗಳೆರಡೂ ಗಾಡಿ ಸಮೇತ ಇಳಿದು ಆರಾಮಾಗಿ ಮಲಗಿದ್ದವು. ಗಂಟುಗಳೆಲ್ಲ ನೀರಿಗೆ ಬಿದ್ದಿದ್ದವು.

ಸಾವ್ಕಾರ್ರು ಬೈದರಾ ಎಂದು ಕೇಳಿದೆ. ಇಲ್ಲವಂತೆ. ಎದೆಮಟ್ಟ ನೀರಿನಲ್ಲಿ ನಿಂತು ಗಂಟು ಎತ್ತಿಕೊಡುತ್ತಾ, ಕೇಳುವವನು ಮೈಮರೆಯುವಷ್ಟು ಚೆನ್ನಾಗಿದೆ ಅಂತ ಆಯಿತಲ್ಲ ಬಿಡು ಎಂದರಂತೆ. ಅದನ್ನು ಕೇಳಿ ನನಗೆ ದುಃಖ ತಡೆಯಲಾಗಲಿಲ್ಲ. ಸೂಜಿ, ನೂಲು, ದಬ್ಬಳ, ಚಾಕು ಗಂಟು ಕಟ್ಟಿದೆ. ಬೆಳಿಗ್ಗೆಯ ಮೊದಲ ಬಸ್ಸಿಗೆ ಮೂವರೂ ಹೊರಟೆವು.

ಕೆರೆಯ ಏರಿಯ ಕೆಳಗೆ ಬಸವೇಗೌಡರ ಹೊಲ. ಹೊಗೆಸೊಪ್ಪು ಬೆಳೆಯುವವರು. ಹೊಲದ ಅಂಚಿಗೇ ಅವರ ಬ್ಯಾರನ್ನು, ಅಂದರೆ ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ ಸಾಲಾಗಿ ನೇತುಹಾಕಿ ಕಾವಿನಲ್ಲಿ ಹದಮಾಡುವ ಎತ್ತರದ ಮಣ್ಣಿನ ಮನೆ. ಹೊರಗಡೆ ಒಲೆ, ಒಳಗಡೆ ನೆಲದ ಮೇಲೆ ಕಬ್ಬಿಣದ ದಪ್ಪ ಕೊಳವೆ, ಆ ಕೊಳವೆಯಲ್ಲಿ ಬಿಸಿ ಹರಿಯುತ್ತದೆ, ಹೊಗೆ ಒಳಗೆ ಬರುವುದಿಲ್ಲ. ಗೌಡರು ನಮ್ಮ ಸಾವ್ಕಾರ್ರನ್ನು ಅದಕ್ಕೆ ಮುಂಚೆ ನೋಡಿದವರೇ ಅಲ್ಲ. ಒದ್ದೆ ಗಂಟುಗಳನ್ನು ಕಂಡು ಆಳುಗಳನ್ನು ಕರೆದು ಎತ್ತಿಸಿದ್ದರು. ಬಿಸಿಲಿಗೆ ಹಾಕಿದರೆ ಸುರುಟಿಕೊಳ್ಳುತ್ತದೆ, ಮೇಲಾಗಿ ಮೋಡ ಕಟ್ಟಿದೆ, ನಮ್ಮ ಬ್ಯಾರನ್ನು ಈಗ ಖಾಲಿ ಬಿದ್ದಿದೆ ಎಂದು ತಾವಾಗಿಯೇ ಹೇಳಿದ್ದರು. ಸೊಪ್ಪಿನ ಕಾಲಕ್ಕೆಂದು ಒಟ್ಟಿದ್ದ ಸೌದೆಯನ್ನು ಯಾರದೋ ಪುಸ್ತಕಕ್ಕೆ ಉರಿಸಲು ಒಪ್ಪುವವರು ಎಷ್ಟು ಜನ ಇದ್ದಾರು?

ನಾವು ಹೋದಾಗ ನಂಜಪ್ಪನವರು ಬ್ಯಾರನ್ನಿನ ಬಾಗಿಲಲ್ಲಿ ಕೂತಿದ್ದರು. ವಿಭೂತಿ ಇರಲಿಲ್ಲ, ಟವಲು ಇರಲಿಲ್ಲ. ಒಂದು ಪುಸ್ತಕ ಕೈಯಲ್ಲಿ ಹಿಡಿದಿದ್ದರು, ನೀರು ತೊಟ್ಟಿಕ್ಕುತ್ತಿತ್ತು. ನಾನು ತೆಗೆದುಕೊಂಡು ಬಿಡಿಸಿ ನೋಡಿದೆ. ಅಚ್ಚಿನ ಮಸಿ ಎಣ್ಣೆಯದು, ಒಂದಕ್ಷರವೂ ಕದಡಿರಲಿಲ್ಲ. ರಕ್ಷಾಪುಟದ ನೀಲಿ ಕಾಗದ ಮಾತ್ರ ಬಣ್ಣ ಬಿಟ್ಟು ಅಂಟಂಟಾಗಿತ್ತು. ಆದರೆ ಮುಚ್ಚಿದ ಪುಸ್ತಕವನ್ನು ಹಾಗೆಯೇ ಒಣಗಿಸಿದರೆ ಪುಟಕ್ಕೆ ಪುಟ ಕಚ್ಚಿಕೊಂಡು ಇಟ್ಟಿಗೆಯಾಗುತ್ತದೆ. ಮಡಿಕೆ ಮಡಿಕೆ ಬಿಡಿಸಿ ನೇತುಹಾಕಬೇಕು. ಬಿಡಿಸಬೇಕೆಂದರೆ ನೂಲು ಕತ್ತರಿಸಬೇಕು. ತಿಂಗಳುಗಟ್ಟಲೆ ಕೂತು ನಾನೇ ಹೊಲಿದ ನೂಲು.

ಹೇಳಿದೆ. ನಂಜಪ್ಪನವರು ಪುಸ್ತಕದ ಬೆನ್ನಿನ ನೂಲು ಸವರಿ ನೋಡಿದರು.

"ಕುಯ್ದ ಮ್ಯಾಲೆ ಇದು ಮತ್ತೆ ಪುಸ್ತಕ ಆಯ್ತದಾ ಸಿದ್ದಮ್ಮ? ಸ್ಕೂಲು ತೆಗೆಯೋ ಒಳಗೆ?"

"ಆಯ್ತದೆ ಸಾವ್ಕಾರ್ರೇ. ನಾನು ಒಲ್ದು ಕೊಡ್ತೀನಿ" ಎಂದೆ. ಆ ಹೊತ್ತಿನಲ್ಲಿ ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಮೊದಲ ಪುಸ್ತಕಕ್ಕೆ ನಾನೇ ಚಾಕು ಹಾಕಿದೆ. ಆಮೇಲೆ ಒಂದೊಂದಾಗಿ ಎಲ್ಲದರ ನೂಲು ಕುಯ್ಯುತ್ತಾ ಹೋದೆ. ಗೌಡರ ಹೆಂಡತಿ ಊರಿನಿಂದ ಸೊಪ್ಪು ಕಟ್ಟುವ ಹೆಂಗಸರನ್ನು ಕರೆಸಿದರು. ಎಲೆಯನ್ನು ಕೋಲಿಗೆ ಎರಡೂ ಕಡೆ ಇಳಿಬಿಟ್ಟು ಕಟ್ಟುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಮಡಿಕೆಯನ್ನು ನಡುವಿಗೆ ಕೋಲಿನ ಮೇಲೆ ಕವುಚಿ ಹಾಕುತ್ತಾ ಹೋದರು. ಮಲ್ಲಪ್ಪನವರು ಪುಟದ ಸಂಖ್ಯೆ ನೋಡಿ, ಮೊದಲ ಮಡಿಕೆಗಳು ಮೇಲಿನ ಸಾಲಿಗೆ, ಅದರ ನಂತರದವು ಅದರ ಕೆಳಕ್ಕೆ ಎಂದು ಕೂಗುತ್ತಿದ್ದರು. ಮಧ್ಯಾಹ್ನಕ್ಕೆ ಬ್ಯಾರನ್ನಿನ ತುಂಬ ಕಥೆ ತೂಗುತ್ತಿತ್ತು. ಸಣ್ಣಯ್ಯ ಮಾತ್ರ ಕೋಲು ಕೊಡುವ ನೆಪದಲ್ಲಿ ಹತ್ತಿರ ಬಂದು, ಅಕ್ಕ, ಆ ಆನೆಮರಿಗೆ ಅವ್ವ ಸಿಕ್ಕಿತಾ ಎಂದು ನನ್ನನ್ನು ಮೆಲ್ಲಗೆ ಕೇಳಿದ. ಒಣಗಿದ ಮೇಲೆ ಹೇಳುತ್ತೇನೆ ಹೋಗು ಎಂದು ಗದರಿದೆ.

ಸಣ್ಣ ಉರಿ ಸಾಕು, ಹೆಚ್ಚಾದರೆ ಕಾಗದ ಸುಟ್ಟಂತಾಗುತ್ತದೆ ಎಂದು ಗೌಡರಿಗೆ ಹೇಳಿದ್ದೆ. ಅವರು ತಲೆಯಾಡಿಸಿದ್ದರು, ಎರಡು ದಿನ ಹಾಗೆಯೇ ಕಾದಿದ್ದರು. ಮೂರನೆಯ ದಿನ ನಾವು ಊಟಕ್ಕೆ ಕೂತಿದ್ದಾಗ ಅವರ ಕೈ ಸುಮ್ಮನಿರಲಿಲ್ಲ. ದಪ್ಪ ಸೌದೆ ತುರುಕಿ ಕಾವು ಏರಿಸಿಬಿಟ್ಟರು. ಬ್ಯಾರನ್ನಿನ ಹತ್ತಿರ ಬಂದರೆ ಬಾಗಿಲು ಮುಟ್ಟಲಾಗದಷ್ಟು ಬಿಸಿ. ನಾನು ಸಿಟ್ಟಿನಲ್ಲಿ ಏನು ಗೌಡ್ರೇ ಇದು ಎಂದೆ. ಅವರಿಗೆ ಅಚ್ಚರಿ.

"ಎಲೆ ಒಣಗೈತೆ ಕಣವ್ವ, ದಂಟು ಒಣಗಬ್ಯಾಡ್ವಾ? ದಂಟಲ್ಲಿ ಪಸೆ ಉಳುದ್ರೆ ಮಾಲೆಲ್ಲಾ ಬೂಜು ಇಡಿತದೆ."

ಹೊಗೆಸೊಪ್ಪಿನಲ್ಲಿ ಎಲೆ ಮೊದಲು ಒಣಗುತ್ತದೆ, ನಡುವಿನ ದಂಟಿಗೆ ಕೊನೆಯಲ್ಲಿ ಜೋರು ಕಾವು ಕೊಡಬೇಕು. ಕೋಲಿನ ಮೇಲೆ ಮಡಿಚಿಕೊಂಡಿದ್ದ ಪುಸ್ತಕದ ನಡುವನ್ನು ಕಂಡು ಗೌಡರು ಅದಕ್ಕೂ ದಂಟಿದೆ ಎಂದುಕೊಂಡಿದ್ದರು! ಒಲೆ ಆರಿಸಿ, ಬಾಗಿಲು ತೆಗೆದು, ಒಳಗೆ ಹೋಗಿ ನೋಡಿದೆವು. ಕಾಗದ ಸುಟ್ಟಿರಲಿಲ್ಲ. ಆದರೆ ಒಂದೊಂದು ಹಾಳೆಯೂ ಹೊಂಬಣ್ಣಕ್ಕೆ ತಿರುಗಿತ್ತು. ಹಪ್ಪಳದಂತೆ ಅಲೆ ಅಲೆಯಾಗಿತ್ತು, ನಡುವಿನಲ್ಲಿ ಕೋಲಿಗೆ ಮೆತ್ತಿದ್ದ ಹಳೆಯ ಸೊಪ್ಪಿನ ಅಂಟು ಕಂದು ಗೆರೆ ಎಳೆದಿತ್ತು. ಹೊಗೆಸೊಪ್ಪಿನ ಘಾಟು ಬೇರೆ. ಗೌಡರು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, ಒಂದನೇ ದರ್ಜೆ ಬಣ್ಣ ಬಂದಿದೆ ಎಂದು ಹಿಗ್ಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಂಜಪ್ಪನವರು ಆ ಹಾಳೆ ತೆಗೆದುಕೊಂಡು ಓದಿದರು. ಪುಟ ಮಗುಚಿ ಮತ್ತೆ ಓದಿದರು. "ಓದೋಕೆ ಬತ್ತದೆ. ಒಲಿಯಮ್ಮ" ಎಂದರು.

ಗೌಡರ ಜಗಲಿಯಲ್ಲೇ ಕೂತೆವು. ಹಾಳೆಗಳ ಮೇಲೆ ಕಲ್ಲು ಚಪ್ಪಡಿ ಹೇರಿ ಅಲೆಗಳನ್ನು ಆದಷ್ಟು ಇಳಿಸಿದೆವು. ಸೊಪ್ಪು ಕಟ್ಟುವ ಹೆಂಗಸರಿಗೆ ಒಮ್ಮೆ ಹೊಲಿದು ತೋರಿಸಿದೆ, ಎರಡನೆಯ ಸಲ ಅವರೇ ಹೊಲಿದರು. ನೂಲು ಹಿಡಿದು ಹುಟ್ಟಿದ ಬೆರಳುಗಳು. ಕೊನೆಯ ಗಂಟನ್ನು ನಾನು ಹಾಕುತ್ತಿದ್ದ ರೀತಿ ನೋಡಿ ಅವರಲ್ಲೊಬ್ಬಳು, ಇದು ಜಾರುತ್ತದೆ ಎಂದು ತಮ್ಮ ಸೊಪ್ಪಿನ ಗಂಟು ಕಲಿಸಿಕೊಟ್ಟಳು. ಎಳೆದಷ್ಟೂ ಬಿಗಿಯಾಗುವ ಗಂಟು. ಅಂದಿನಿಂದ ಕೊನೆಯವರೆಗೂ ನಾನು ಅದನ್ನೇ ಹಾಕಿದೆ. ಒಳ್ಳೆಯ ಬೈಂಡಿಂಗ್ ಎಲ್ಲಿ ಕಲಿತಿರಿ ಎಂದು ಮೈಸೂರಿನವರು ಕೇಳಿದರೆ ಬೆಟ್ಟದಪುರದಲ್ಲಿ ಎನ್ನುತ್ತಿದ್ದೆ, ಅವರು ಅಲ್ಲಿ ಯಾವ ಪ್ರೆಸ್ಸಿದೆ ಎಂದು ಯೋಚಿಸುತ್ತಿದ್ದರು.

ಇನ್ನು ಉಳಿದದ್ದು ರಕ್ಷಾಪುಟ. ಅದನ್ನು ಹೊಸದಾಗಿ ಒತ್ತಲೇಬೇಕಿತ್ತು. ಹೊಲಿದ ಪುಸ್ತಕಗಳೊಂದಿಗೆ ಎಲ್ಲರೂ ಹುಣಸೂರಿಗೆ ಹಿಂದಿರುಗಿದ ಮೇಲೆ ನಂಜಪ್ಪನವರು ಹಿಂಬದಿಗೆ ಹಾಕಲು ಒಂದು ಚೀಟಿಯಲ್ಲಿ ಬರೆದು ಮಲ್ಲಪ್ಪನವರಿಗೆ ಕೊಟ್ಟರು. ಇವರು ಓದಿ ತಲೆ ಕೆರೆದುಕೊಂಡರು. ಬರೆದವರ ಹೆಸರು, ಪ್ರೆಸ್ಸಿನ ಹೆಸರು ಹಾಕುವುದು ವಾಡಿಕೆ. ಇಂಥದ್ದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಯಾವ ಪುಸ್ತಕ ಕೆರೆಗೆ ಬಿದ್ದಿದೆ ಎಂದು ಸಾವ್ಕಾರ್ರು ತಿರುಗಿ ಕೇಳಿದರು. ಹಿಂಬದಿಯಲ್ಲಿ ಹೀಗೆ ಅಚ್ಚಾಯಿತು:

ಬರೆದವರು: ನಂಜಪ್ಪ, ಹುಣಸೂರು
ಮೊಳೆ ಜೋಡಿಸಿದವರು: ಮಲ್ಲಪ್ಪ
ಕೆರೆಯಿಂದ ಎತ್ತಿದವರು: ಗಾಡಿ ಸಣ್ಣಯ್ಯ
ಒಣಗಿಸಿದವರು: ಬಸವೇಗೌಡರು ಮತ್ತು ಸೊಪ್ಪು ಕಟ್ಟುವ ತಾಯಂದಿರು
ಎರಡು ಸಲ ಹೊಲಿದವರು: ಸಿದ್ದಮ್ಮ

ಮಲ್ಲಪ್ಪನವರು ಕೊನೆಯ ಸಾಲಿನ ಮೊಳೆ ಜೋಡಿಸುವಾಗ ನನ್ನನ್ನು ಕರೆದು ತೋರಿಸಿದರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ನನಗೆ ಓದಲು ಬರಲಿಲ್ಲ. ಏನಿದು ಎಂದೆ. ಒತ್ತಿದ ಮೇಲೆ ನೋಡು ಎಂದರು. ನೋಡಿ ಅತ್ತುಬಿಟ್ಟೆ. ರವಿಕೆ ಹೊಲಿಯುವವಳೆಂದು ಕರೆತಂದ ನನ್ನ ಹೆಸರು ಪುಸ್ತಕದ ಮೇಲಿತ್ತು. ನಮ್ಮತ್ತೆ ಅದನ್ನು ಬೀದಿಯ ಮನೆ ಮನೆಗೂ ಒಯ್ದು ತೋರಿಸಿಬಂದರು.

ಶಾಲೆ ತೆರೆಯುವ ಹಿಂದಿನ ದಿನ ಪಿರಿಯಾಪಟ್ಟಣ ತಲುಪಿದೆವು, ಉಳುಮೆ ಮುಗಿದಿದ್ದರಿಂದ ಈ ಸಲ ಎತ್ತಿನ ಗಾಡಿಯಲ್ಲಿ. ಹೆಡ್‌ಮಾಸ್ಟರು ಪುಸ್ತಕ ಬಿಡಿಸಿದರು, ಮೂಸಿದರು, ಮಕ್ಕಳಿಗೆ ಹೊಗೆಸೊಪ್ಪಿನ ಚಟ ಹತ್ತಿಸಲು ಹೊರಟಿದ್ದೀರಾ ಎಂದು ಹುಬ್ಬೇರಿಸಿದರು. ನಂಜಪ್ಪನವರು ಏನನ್ನೂ ಮುಚ್ಚಿಡಲಿಲ್ಲ. ಕೋಣ, ಕೆರೆ, ಬ್ಯಾರನ್ನು, ದಂಟು ಎಲ್ಲ ಹೇಳಿದರು. ಬೇಡವೆಂದರೆ ವಾಪಸು ಒಯ್ಯುತ್ತೇನೆ, ಬೇಸರವಿಲ್ಲ ಎಂದರು. ಬೇಸರವಿಲ್ಲ ಎನ್ನುವಾಗ ಅವರ ದನಿ ಹೇಗಿತ್ತೆಂದು ನನಗೆ ಗೊತ್ತು. ಹೆಡ್‌ಮಾಸ್ಟರು ಹಿಂಬದಿಯ ಹೆಸರುಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಹೊರಗೆ ಆಡುತ್ತಿದ್ದ ತಮ್ಮ ಮಗಳನ್ನು ಕರೆದು, ಓದಮ್ಮ ಎಂದು ಕೊಟ್ಟರು. ಆ ಹುಡುಗಿ ನೆಲದ ಮೇಲೆ ಪುಸ್ತಕ ಬಿಡಿಸಿಟ್ಟು ಓದತೊಡಗಿತು. ಪುಸ್ತಕ ಅಂಗಾತ ಮಲಗಿತ್ತು, ಹಿಡಿಯಬೇಕಾಗಿರಲಿಲ್ಲ. ಅದೇ ಆನೆಮರಿಯ ಕಥೆ. ನಡುವೆ ಹೆಡ್‌ಮಾಸ್ಟರು ಸಾಕು ಎಂದರೆ ತಲೆಯೆತ್ತಲಿಲ್ಲ, ಮುಗಿಯುವವರೆಗೂ ಓದಿತು. ಬಾಗಿಲ ಹತ್ತಿರ ನಿಂತಿದ್ದ ಸಣ್ಣಯ್ಯ, "ಸಿಕ್ತಾ! ಸದ್ಯ" ಎಂದು ಉಸಿರುಬಿಟ್ಟ. ಹೆಡ್‌ಮಾಸ್ಟರು ಶಾಲೆಗೆ ಎಷ್ಟು ಬೇಕೋ ಅಷ್ಟನ್ನೂ ಇಳಿಸಿಕೊಂಡರು, ಉಳಿದವನ್ನು ಸುತ್ತಿನ ಶಾಲೆಗಳು ತೆಗೆದುಕೊಂಡವು.

ಆಮೇಲೆ ನಂಜಪ್ಪನವರು ಇನ್ನೂ ಎಷ್ಟೋ ಪುಸ್ತಕ ಮಾಡಿದರು. ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಶಾಲೆಗಳವರೆಗೂ ಹೋದವು. ಹೊಗೆಸೊಪ್ಪಿನ ಘಾಟಿನ ಪುಸ್ತಕ ಓದಿದ ಆ ವರ್ಷದ ಮಕ್ಕಳನ್ನು ಅವರ ಮೇಷ್ಟ್ರುಗಳು ಬ್ಯಾರನ್ ಬ್ಯಾಚು ಎಂದೇ ಕರೆಯುತ್ತಿದ್ದರು. ಬಸವೇಗೌಡರು ಪ್ರತಿ ಬೇಸಿಗೆಯಲ್ಲೂ ಅಂಗಡಿಗೆ ಬಂದು, ಈ ಸಲ ಹದ ಮಾಡಲು ಪುಸ್ತಕ ಏನಾದರೂ ಇದೆಯಾ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು. ಕಾಲ ಕಳೆದಂತೆ ಟ್ರೆಡಲಿಗೆ ಕರೆಂಟು ಬಂತು, ತಂತಿ ಪಿನ್ನು ಹೊಡೆಯುವ ಮೆಷಿನ್ ಬಂತು. ಪಿನ್ನು ತುಕ್ಕು ಹಿಡಿಯುತ್ತದೆ, ಮಕ್ಕಳ ಪುಸ್ತಕಕ್ಕೆ ನೂಲೇ ಇರಲಿ ಎಂದು ಸಾವ್ಕಾರ್ರು ಹಟ ಹಿಡಿದರು.

ಮಕ್ಕಳ ಕಥೆಯ ಎರಡನೆಯ ಮುದ್ರಣಕ್ಕೆ ಮಲ್ಲಪ್ಪನವರು ಮತ್ತೆ ಮೊದಲಿಂದ ಮೊಳೆ ಜೋಡಿಸಿದರು. ಒಳ್ಳೆಯ ಬಿಳಿ ಕಾಗದ, ಬಸ್ಸಿನಲ್ಲೇ ಸಾಗಣೆ, ಒಂದು ಹನಿ ನೀರು ತಾಕಿರಲಿಲ್ಲ. ಹಿಂಬದಿಯ ಸಾಲುಗಳಿಗೆ ಬಂದಾಗ ಇವರು ಕೇಳಿದರು, ಕೆರೆಯಿಂದ ಎತ್ತಿದವರು, ಒಣಗಿಸಿದವರು, ಎರಡು ಸಲ ಹೊಲಿದವರು ಎಂಬುದನ್ನೆಲ್ಲ ತೆಗೆದುಬಿಡಲೇ, ಓದಿದವರು ನಗುತ್ತಾರೆ ಎಂದು. ನಂಜಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವತ್ತು ಅವರು ಇಲ್ದೇ ಓಗಿದ್ರೆ ಇವತ್ತು ಇದೆಲ್ಲಿರ್ತಿತ್ತು ಮಲ್ಲಪ್ಪ? ನಗೋರು ನಗ್ಲಿ. ಆ ಹೆಸ್ರು ಅಲ್ಲೇ ಇರ್ಲಿ ಬುಡು."

ಅವರಿರುವವರೆಗೆ ಆದ ಎಲ್ಲ ಮುದ್ರಣಗಳಲ್ಲೂ ಆ ಹೆಸರುಗಳು ಹಾಗೆಯೇ ಇದ್ದವು. ಸಣ್ಣಯ್ಯ ಹೋದ ಮೇಲೂ ಇದ್ದವು, ಗೌಡರು ಹೋದ ಮೇಲೂ ಇದ್ದವು. ಎಲ್ಲವನ್ನೂ ನಾನೇ ಹೊಲಿದೆ, ಎರಡು ಸಲವಲ್ಲ, ಒಂದೇ ಸಲ. ರಕ್ಷಾಪುಟ ಅಂಟಿಸಿ ಹಿಂಬದಿ ತಿರುಗಿಸಿದಾಗ ಮಾತ್ರ ಗಂಜಿ ಒಣಗುವ ನೆಪದಲ್ಲಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದೆ.